ಹಿತ್ತಿಲ ಬಾಗಿಲಿಂದ ಹರಿಹರಕ್ಕೆ

ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಇಷ್ಟು ಬೇರೆ ಬೇರೆ ಹೇಗಾದರು ಎಂಬುದು ನನಗೆ ಇಂದಿಗೂ ಬಗೆಹರಿಯದ ಕುತೂಹಲ. ಮಗ ತೊಟ್ಟಿಲಿನಿಂದಲೇ ರಂಪದವನು. ನಾನು ಶಾಲೆಗೆ ಹೊರಡಲು ಸೀರೆ ಉಟ್ಟರೆ ಸಾಕು, ಸೆರಗು ಹಿಡಿದು ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದ. "ಕಣ್ಣು ತಪ್ಪಿಸಿ ಹಿತ್ತಲಾಗಿಂದ ಹೋಗಿಬಿಡವ್ವ," ಎಂದು ಅತ್ತೆ ಉಪಾಯ ಹೇಳಿಕೊಟ್ಟರು. ದೇವರಾಜ ಅರಸು ಬಡಾವಣೆಯ ಮನೆಯಿಂದ ಕಳ್ಳಿಯಂತೆ ನುಸುಳಿ ಹರಿಹರದ ಶಾಲೆಗೆ ಬಸ್ಸು ಹಿಡಿಯುವುದು ರೂಢಿಯಾಯಿತು.

ಆಮೇಲೆ ಹುಟ್ಟಿದ ಮಗಳು ಮಾತ್ರ ತಣ್ಣನೆಯವಳು. ಆದರೂ ರೂಢಿ ಬಿಡಲಿಲ್ಲ, ಹಿತ್ತಿಲಿನಿಂದಲೇ ಹೊರಡುತ್ತಿದ್ದೆ. ಅತ್ತೆ ಅಷ್ಟರಲ್ಲಿ ಊರಿಗೆ ಮರಳಿದ್ದರು; ನಾವು ಆಪಾ ಎಂದು ಕರೆಯುವ ಪಕ್ಕದ ಮನೆಯ ಅಕ್ಕ ಸೀರೆಗೆ ಫಾಲ್ಸ್ ಹಾಕುವ ಕೆಲಸವನ್ನು ನಮ್ಮ ಮನೆಗೇ ತಂದು, ಅವಳನ್ನು ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನ ಮೊಬೈಲಿಗೆ ಅವಳು ನಗುವ ವಿಡಿಯೊ ಬರುತ್ತಿತ್ತು. ಸಂಜೆ ನಾನು ಒಳಗೆ ಕಾಲಿಟ್ಟರೆ ಅದೇ ಹುಡುಗಿ ಕಿರುಚಿ, ನನಗೆ ಹೊಡೆದು, ಆಪಾರ ಮಡಿಲಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಯಿತು. ಒಂದೂವರೆ ವರ್ಷಕ್ಕೇ ಮಗಳಿಗೆ ನಾನು ಬೇಡವಾದೆನೇ?

ತಿಳಿಯದೆ ಇರಲಾಗಲಿಲ್ಲ. ಒಂದು ದಿನ ಅರ್ಧ ರಜೆ ಹಾಕಿ ಬಂದು, ಕಿಟಕಿಯ ಪರದೆಯ ಸಂದಿಯಿಂದ ಇಣುಕಿದೆ. ಮಗಳು ದಾರದ ಉಂಡೆಗಳನ್ನು ಡಬ್ಬಿಗೆ ಹಾಕಿ ಆಡುತ್ತಿದ್ದಳು. ಇದ್ದಕ್ಕಿದ್ದಂತೆ ಎದ್ದು ಹಿತ್ತಿಲ ಬಾಗಿಲಿಗೆ ಹೋದಳು. ತಳ್ಳಿ ನೋಡಿದಳು. ಅಳಲಿಲ್ಲ, ಬಂದು ಮತ್ತೆ ಆಟಕ್ಕೆ ಕೂತಳು. ನಾನು ನಿಂತಿದ್ದಷ್ಟು ಹೊತ್ತಿನಲ್ಲಿ ನಾಲ್ಕು ಸಲ ಹಾಗೆ ಹೋಗಿ ಬಂದಳು.

"ದಿನಾ ಹಿಂಗೇ ಐತೆ," ಎಂದರು ಆಪಾ, ನಾನು ಒಳಗೆ ಬಂದು ಕಂಡದ್ದನ್ನು ಹೇಳಿದ ಮೇಲೆ.

"ನಂಗ್ಯಾಕ ಹೇಳಲಿಲ್ಲ?"

"ನೊಂದ್ಕಂತೀರಿ ಅಂತ. ಕದ್ದು ಹೋಗಾದು ಬ್ಯಾಡ ಟೀಚರಮ್ಮ, ಹೇಳಿ ಹೋಗ್ರಿ. ಅತ್ರೆ ಅಳ್ಲಿ, ನಾನಿದೀನಲ್ಲ."

ಮರುದಿನ ಮುಂಬಾಗಿಲಲ್ಲಿ ಕೂತು ಅವಳ ಮುಖ ನೋಡಿ, "ಹೋಗಿ ಬರ್ತೀನಿ, ಸಂಜೆ ಬರ್ತೀನಿ," ಎಂದೆ. ನನ್ನನ್ನೇ ಸ್ವಲ್ಪ ಹೊತ್ತು ದಿಟ್ಟಿಸಿದಳು. ಆಮೇಲೆ ಅಣ್ಣನನ್ನೂ ಮೀರಿಸುವಂತೆ ಅತ್ತಳು. ತಣ್ಣನೆಯವಳು ಎಂದು ಹೆಸರಿಟ್ಟವಳು ನಾನೇ ತಾನೇ! ಬಸ್ಸಿನಲ್ಲಿ ಕೂತ ಮೇಲೆ ನನಗೂ ಅಳು ಬಂತು. ನಾಚಿಕೆಯಿಲ್ಲದೆ ಖುಷಿಯೂ ಆಯಿತು.

ಹತ್ತು ಹನ್ನೆರಡು ದಿನ ಬೆಳಗ್ಗೆ ಹೀಗೇ ನಡೆಯಿತು. ಒಂದು ಸಂಜೆ ನಾನು ಬಂದಾಗ ಅವಳು ಕಿರುಚಲಿಲ್ಲ. ಬ್ಯಾಗು ಇಳಿಸುವ ಮೊದಲೇ ನನ್ನ ಬೆರಳು ಹಿಡಿದು ಹಿತ್ತಿಲ ಬಾಗಿಲಿಗೆ ಎಳೆದುಕೊಂಡು ಹೋದಳು. ತನಗೆ ಎಟುಕದ ಚಿಲಕವನ್ನು ತೋರಿಸಿ, "ಹಾಕು," ಅಂದಳು.

ಹಾಕಿದೆ.