ನಡುವಿನ ಕುರ್ಚಿ

ಆ ಭಾನುವಾರದ ದಿನಚರಿಯಲ್ಲಿ ನಾನು ಬರೆದಿರುವುದು ಇಷ್ಟೇ: 'ಆಂಪ್ಲಿಫಯರ್ ಎಲ್ಲದಕ್ಕೂ ಹೊಂದಿಕೊಂಡಿತು. ಗುಂಯ್ ಎನ್ನುವ ಸದ್ದಿಲ್ಲ.' ದೊಡ್ಡಪ್ಪನ ಬಗ್ಗೆ ಒಂದಕ್ಷರವೂ ಇಲ್ಲ. ಆದ್ದರಿಂದ ಮುಂದಿನದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನೆನಪಿಗೆ ತಿದ್ದುವ ಚಾಳಿಯಿದೆ ಎಂಬುದೂ ನೆನಪಿರಲಿ.

ಎಪ್ಪತ್ತರ ದಶಕದ ನಡುಭಾಗ. ಮೈಸೂರಿನಲ್ಲಿ ಎಂ.ಎ. ಮುಗಿಸಿ ಹೊಸದುರ್ಗದ ಕಾಲೇಜಿನಲ್ಲಿ ಪಾಠಕ್ಕೆ ಸೇರಿದ್ದೆ. ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಮಂದೆ ಬಿಟ್ಟು ಪೇಟೆಯಲ್ಲಿ ಕಂಬಳಿ ಅಂಗಡಿ ಇಟ್ಟಿದ್ದ. ಅವನ ಅಣ್ಣ, ನನ್ನ ದೊಡ್ಡಪ್ಪ, ಮಾಡದಕೆರೆಯಲ್ಲಿದ್ದು ಇಬ್ಬರ ಪಾಲಿನ ಕುರಿಗಳನ್ನೂ ನೋಡಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಮಂದೆ ಮೇವು ಹುಡುಕಿಕೊಂಡು ಹೊಳಲ್ಕೆರೆ ದಾಟಿ ಭದ್ರಾ ನಾಲೆಯ ಕಡೆ ಹೋಗುವಾಗ ಮುಂದೆ ನಡೆಯುವವನು, ಎಲ್ಲಿ ತಂಗಬೇಕೆಂದು ಹೇಳುವವನು ಮಂದೆಯ ಕೋಲು ಹಿಡಿದವನು. ಕೋಲು ದೊಡ್ಡಪ್ಪನ ಕೈಯಲ್ಲಿತ್ತು. ಅವನ ಮಗನಿಗೆ ಅದರ ಮೇಲೆ ಕಣ್ಣಿತ್ತು.

ಹಿಂದಿನ ಬೇಸಿಗೆಯಲ್ಲಿ ಮಂದೆಗೆ ತೋಳ ನುಗ್ಗಿತ್ತು. ಕುರಿಗಳ ಕೊರಳ ಗಂಟೆ ಕೇಳಿ ಎದ್ದ ದೊಡ್ಡಪ್ಪ ಕವಣೆ ಹಿಡಿದು ಓಡಿದ್ದು ತೋಳ ಬಂದದ್ದಕ್ಕೆ ವಿರುದ್ಧ ದಿಕ್ಕಿಗೆ. ಬೆಳಗ್ಗೆ ಸತ್ತ ಕುರಿಗಳ ನಡುವೆ ನಿಂತು "ಗಾಳಿ ತಿರುಗಿತ್ತು ಕಣ್ರಪ್ಪ, ಸದ್ದು ಅತ್ಲಾಗ್ಲಿಂದ ಬಂದಂಗಾತು" ಎಂದನಂತೆ. ಗಾಳಿಯ ಮೇಲೆ ಯಾರು ಪಂಚಾಯಿತಿ ಸೇರಿಸುತ್ತಾರೆ? ಮಾತು ಅಲ್ಲಿಗೆ ನಿಂತಿತ್ತು.

ನನ್ನ ತಲೆಯಲ್ಲಿ ಆಗ ಇದ್ದದ್ದು ಬೇರೆ. ಮೈಸೂರಿನಿಂದ ತಂದ ರೆಕಾರ್ಡ್ ಪ್ಲೇಯರ್ ಇತ್ತು. ಬಡಗಿಯಿಂದ ಮಾಡಿಸಿದ ಎರಡು ಸ್ಪೀಕರ್ ಡಬ್ಬಿಗಳಿದ್ದವು. ಮುಳ್ಳು ಎತ್ತಿಕೊಡುವ ಸಣ್ಣ ಸದ್ದನ್ನು ಹಿಗ್ಗಿಸಿ, ಎಡದ್ದನ್ನು ಎಡಕ್ಕೂ ಬಲದ್ದನ್ನು ಬಲಕ್ಕೂ ಕಳಿಸುವ ಸ್ಟೀರಿಯೋ ಆಂಪ್ಲಿಫಯರ್ ಇರಲಿಲ್ಲ. ತಂದಮೇಲೆ ಹೊಂದದಿದ್ದರೆ ಎಂಬ ಹೆದರಿಕೆಗೆ ಊರೂರು ಸುತ್ತಿ ವಿಚಾರಿಸಿದೆ.

"ಸ್ಪೀಕರ್ ಬೆನ್ನಾಗೆ ಓಮ್ ಎಷ್ಟು ಅಂತ ಬರ್ದಿರ್ತೈತೆ, ನೋಡ್ಕಂಬರ್ರಿ ಸಾರ್," ಎಂದ ಚಿತ್ರದುರ್ಗದ ರೇಡಿಯೋ ಅಂಗಡಿಯವನು. "ಪ್ಲೇಯರ್ ಮುಳ್ಳು ಯಾವ್ ಥರದ್ದು ಅಂತಾನೂ ಬೇಕು. ಸುಮ್ನೆ ತಗಂಡೋಗಿ, ಹೊಗೆ ಬಂದ್ಮ್ಯಾಲೆ ನನ್ ಬಯ್ಯಂಗಿಲ್ಲ."

ಮನೆಗೆ ಬಂದು ಡಬ್ಬಿಗಳ ತಿರುಪು ಬಿಚ್ಚಿ, ಸ್ಪೀಕರಿನ ಬೆನ್ನ ಮೇಲಿದ್ದ ಓಮ್ ಅಂಕಿಯನ್ನು, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆಯ ಅಳತೆಯನ್ನು, ನೋಡಿಕೊಂಡೆ. ಹೊಳಲ್ಕೆರೆಯಲ್ಲಿ ಮದುವೆಗೆ ಮೈಕ್ ಸೆಟ್ ಕೊಡುವವನೊಬ್ಬ ತನ್ನ ಹಳೆಯ ಆಂಪ್ಲಿಫಯರನ್ನೇ ಮಾರಲು ನೋಡಿದ. ಅದು ಕಂಬಕ್ಕೆ ಕಟ್ಟುವ ಹಾರ್ನಿಗೆ ಸರಿ, ನನ್ನ ಡಬ್ಬಿಗಲ್ಲ ಎನ್ನುವಷ್ಟು ಆಗಲೇ ಕಲಿತಿದ್ದೆ. ಕೊನೆಗೆ ಹಿರಿಯೂರಿಗೆ ಹೋಗಿ, ಬಬ್ಬೂರಿನಲ್ಲಿದ್ದ ಅಧಿಕಾರಿಯೊಬ್ಬರ ಮನೆಯಲ್ಲಿ ಅಂಥದೇ ಸೆಟ್ಟು ಹಾಡುವುದನ್ನು ಕೇಳಿದೆ.

"ಕುರಿ ಕಾಯೋರ ಮನೆಗೆ ಸ್ಟೀರಿಯೋ ಯಾಕ್ರೀ? ಎರಡೂ ಕಡೆಯಿಂದ 'ಬ್ಯಾ' ಅನ್ನೋದು ಕೇಳೋಕಾ?" ಎಂದು ಅವರು ಹೆಂಡತಿಯ ಕಡೆ ನೋಡಿ ನಕ್ಕರು. ನಾನೂ ನಕ್ಕೆ. ಆಮೇಲೆ ಎರಡು ಡಬ್ಬಿಗಳಿಗೂ ಸಮದೂರದಲ್ಲಿದ್ದ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ಸದ್ದನ್ನು ಎಡಬಲಕ್ಕೆ ಸರಿಸುವ ಬ್ಯಾಲೆನ್ಸ್ ತಿರುಗಣೆ ತೋರಿಸಿದರು. "ಈ ಜಾಗದಲ್ಲಿ ಕೂತವನಿಗೆ ಮಾತ್ರ ಯಾವ ಸದ್ದು ಎಲ್ಲಿಂದ ಅಂತ ತಿಳಿಯೋದು. ಕುರ್ಚಿ ಮುಖ್ಯ."

ಚಿತ್ರದುರ್ಗದಿಂದ ಆಂಪ್ಲಿಫಯರ್ ಬಂತು. ಸಂಜೆಯಾದರೆ ದೀಪವೇ ಮಂಕಾಗುತ್ತಿದ್ದ ಕಾಲ. ಅದಕ್ಕೇ ಭಾನುವಾರ ಮಧ್ಯಾಹ್ನ ಜೋಡಿಸಿದೆ. ಬಾಗೂರಿನ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಮಂದೆ ತಂಗಿತ್ತು. ಆಳುಗಳನ್ನು ಕಾವಲಿಗೆ ಬಿಟ್ಟು ದೊಡ್ಡಪ್ಪ, ಅವನ ಮಗ ಇಬ್ಬರೂ ಊಟಕ್ಕೆ ಬಂದಿದ್ದರು.

ನಮ್ಮ ಮನೆಯಲ್ಲಿ ಹೊಸದೇನು ಬಂದರೂ ಮೊದಲು ಹಿರಿಯರದ್ದಾಗಬೇಕು. ಹೊಸ ಕಂಬಳಿಯನ್ನು ದೊಡ್ಡಪ್ಪ ಒಮ್ಮೆ ಹೊದ್ದ ಮೇಲೆಯೇ ಉಳಿದವರು ಹೊದೆಯುವುದು. ಹಾಗಾಗಿ ಅಪ್ಪ ನಡುವಿನ ಕುರ್ಚಿ ತೋರಿಸಿದ.

"ನಂಗ್ಯಾಕಲೇ ಅದು? ಇಲ್ಲೇ ಬಾಗ್ಲತ್ರ ಕುಂತ್ಕಂತೀನಿ," ಎಂದ ದೊಡ್ಡಪ್ಪ.

"ಕುಂತ್ಕಳ್ರಿ ಭಾವ, ನೀವು ಕುಂತ್ರೇನೇ ಶುರು," ಎಂದಳು ಅವ್ವ.

ಕೂತ. ನಾನು ರೆಕಾರ್ಡು ಹಾಕಿದೆ. ಅಪ್ಪ ತಿರುಗಣೆಯನ್ನು ಬಲಕ್ಕೆ ತಿರುಗಿಸಿ, "ಯಾವ್ ಡಬ್ಬಿ ಅಣ್ಣ?" ಎಂದ. ದೊಡ್ಡಪ್ಪ ಎಡಕ್ಕೆ ಕೈ ತೋರಿಸಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಮತ್ತೆ ಬಲಕ್ಕೆ ತಿರುಗಿಸಿದರೆ ಮತ್ತೆ ಎಡ. ನಾನು ತಂತಿ ಅದಲುಬದಲಾಗಿರಬೇಕೆಂದು ಎದ್ದು ಹಿಂಬದಿ ನೋಡಿದೆ. ಎಲ್ಲ ಸರಿಯಾಗಿತ್ತು. ಪರೀಕ್ಷೆಗೆಂದು ಅವನ ಮಗನನ್ನು ಕೂರಿಸಿದೆ, ಒಮ್ಮೆಯೂ ತಪ್ಪಲಿಲ್ಲ. ಅವ್ವನನ್ನು ಕೂರಿಸಿದೆ; ಅವಳೂ ತಪ್ಪಲಿಲ್ಲ. "ಸೆಟ್ಟಲ್ಲೇನೂ ದೋಷ ಇಲ್ಲ," ಎಂದು ನಾನೇ ಹೇಳಿದೆ. ಕೊಂಡ ವಸ್ತು ಉಳಿಯಿತಲ್ಲ ಎಂಬ ಸಮಾಧಾನ ಆ ದನಿಯಲ್ಲಿ ಇದ್ದಿರಬೇಕು.

ಅಪ್ಪನ ಮುಖ ಬದಲಾದದ್ದು ಆಗ. ಅಥವಾ ಮೊದಲೇ ಬದಲಾಗಿತ್ತೋ, ತಿರುಗಣೆಗೆ ಕೈ ಹಾಕುವಾಗಲೇ ಅವನಿಗೆ ಅನುಮಾನವಿತ್ತೋ, ಇಂದಿಗೂ ತೀರ್ಮಾನಿಸಲಾರೆ. "ಇನ್ನೊಂದ್ ಸಲ ಕುಂತ್ಕ ಬಾರಣ್ಣ," ಎಂದ. ದೊಡ್ಡಪ್ಪನ ಹೆಗಲ ಟವೆಲನ್ನೇ ತೆಗೆದು ಅವನ ಕಣ್ಣಿಗೆ ಕಟ್ಟಿದ.

"ಏನಲೇ ಇದು, ಹುಡುಗಾಟ!"

"ಆಟಾನೇ ಅಣ್ಣ. ಹೇಳು."

ದೊಡ್ಡಪ್ಪ ಸದ್ದನ್ನು ಹುಡುಕುವವನಂತೆ ಮೆಲ್ಲಗೆ ಮುಖ ಹೊರಳಿಸತೊಡಗಿದ. ಅಪ್ಪ ಹಿಂದಿನಿಂದ ಎರಡೂ ಕೈಯಲ್ಲಿ ಅವನ ತಲೆಯನ್ನು ಗಟ್ಟಿಯಾಗಿ ಹಿಡಿದ, ಉಣ್ಣೆ ಕತ್ತರಿಸುವಾಗ ಕುರಿಯ ತಲೆ ಹಿಡಿಯುವ ಹಾಗೆ. "ಅಲ್ಲಾಡಬ್ಯಾಡ." ದೊಡ್ಡಪ್ಪನ ಮಗನಿಗೆ ಕಣ್ಸನ್ನೆ ಮಾಡಿದ; ಅವನು ತಿರುಗಣೆ ತಿರುಗಿಸಿದ. ಬಲ. "ಎಡ," ಎಂದ ದೊಡ್ಡಪ್ಪ. ಮತ್ತೆ ಬಲ. "ಎಡ." ದನಿ ತಗ್ಗಿತ್ತು. ಈಗ ಮಗನೊಬ್ಬನೇ ನಗುತ್ತಿದ್ದ.

"ಅಂಗಾರೆ ಹೋದ್ವರ್ಷ ಗಾಳಿ ತಿರುಗಿರ್ಲಿಲ್ಲ," ಎಂದ ಅಪ್ಪ.

ಟವೆಲಿನ ಕೆಳಗೆ ದೊಡ್ಡಪ್ಪನ ಬಾಯಿ ಮಾತ್ರ ಕಾಣುತ್ತಿತ್ತು. "ಬಲಗಿವಿ ಹೋಗೈತೆ," ಎಂದ. "ಗಂಟೆ ಕೇಳ್ತೈತೆ. ಎತ್ಲಾಗ್ಲಿಂದ ಅಂತ ತಿಳಿಯಲ್ಲ."

"ಇಷ್ಟ್ ದಿನ ಬಾಯಿ ಮುಚ್ಕಂಡಿದ್ಯಲ್ಲಪ್ಪ!" ಎಂದ ಮಗ. "ನನ್ ಕುರೀನ ತೋಳಕ್ಕೆ ಉಣ್ಣಿಸಿ, ಗಾಳಿ ಮ್ಯಾಲೆ ಹಾಕ್ದೆ." ಬಾಗಿಲ ಮೂಲೆಯಲ್ಲಿ ಒರಗಿಸಿದ್ದ ಮಂದೆಯ ಕೋಲನ್ನು ಕೈಗೆತ್ತಿಕೊಂಡ. ಬೇಡ ಎಂದು ಅಪ್ಪ ಹೇಳಲಿಲ್ಲ. ರೆಕಾರ್ಡು ಇನ್ನೂ ತಿರುಗುತ್ತಿತ್ತು. ಟವೆಲನ್ನು ಬಿಚ್ಚಿದ್ದು ಅವ್ವ.

ದೊಡ್ಡಪ್ಪನನ್ನು ನಮ್ಮ ಮನೆಯಲ್ಲೇ ಉಳಿಸಿಕೊಂಡರು, ಅಂಗಡಿಯಲ್ಲಿ ಕಂಬಳಿ ಮಡಚುವುದಕ್ಕೆ. ಬೇಸಿಗೆ ಬಂತು. ಮಗ ಮಂದೆಯನ್ನು ಹೊಳಲ್ಕೆರೆ ಕಡೆ ಹೊಡೆದುಕೊಂಡು ಹೊರಟಾಗ ಬೇಕೆಂದೇ ನಮ್ಮ ಮನೆಯ ಪಕ್ಕದಲ್ಲಿ ಹಾಯಿಸಿದ, ಬೀದಿಯಲ್ಲಲ್ಲ, ಹಿತ್ತಲ ಹಿಂದಿನ ದಾರಿಯಲ್ಲಿ. ಬೇಕೆಂದೇ ಎಂದು ಬರೆದದ್ದು ನಾನು, ಅವನನ್ನು ಕೇಳಿದವನಲ್ಲ. ನಡುಮನೆಯಲ್ಲಿ ಕೂತಿದ್ದ ದೊಡ್ಡಪ್ಪ ಗಂಟೆ ಸದ್ದಿಗೆ ತಟ್ಟನೆ ಎದ್ದು, ಬರಿಗಾಲಲ್ಲಿ ಮುಂಬಾಗಿಲು ದಾಟಿ ಬೀದಿಗೆ ಹೋಗಿ ನಿಂತ. ಬೀದಿ ಖಾಲಿಯಿತ್ತು.

"ಭಾವ, ಹಿತ್ಲ ಕಡೆ," ಎಂದಳು ಅವ್ವ ಒಳಗಿನಿಂದ.

"ಗೊತ್ತೈತೆ ಬಿಡಮ್ಮ," ಎಂದ ದೊಡ್ಡಪ್ಪ. ತಿರುಗಲಿಲ್ಲ. ಗಂಟೆಗಳ ಸದ್ದು ಪೂರ್ತಿ ಅಡಗುವವರೆಗೂ ಆ ಖಾಲಿ ಬೀದಿಯನ್ನೇ ನೋಡುತ್ತ ನಿಂತಿದ್ದ.