ಭೋಜ ಕೆತ್ತಿದ ಮೀಸೆ

ಹದಿನೆಂಟು ವರ್ಷ ನಾನು ಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಸಿಕೊಂಡು ಹೋಗಿ, ಒಂದು ವೀರಗಲ್ಲಿನ ಎದುರು ಸಾಲಾಗಿ ನಿಲ್ಲಿಸಿ, ಅದರ ಮೇಲಿನ ಮೀಸೆಯನ್ನು ಕೋಲಿನಿಂದ ತೋರಿಸಿ ಪಾಠ ಮಾಡಿದ್ದೇನೆ. "ನೋಡಿ ಮಕ್ಕಳೇ, ಎಂಟುನೂರು ವರ್ಷದ ಹಿಂದಿನ ಮೀಸೆ! ಆ ಕಾಲದ ಶೌರ್ಯವೆಲ್ಲ ಇದರಲ್ಲೇ ಉಂಟು!" ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಆ ಮೀಸೆಯ ಬಗ್ಗೆ ಮೂರು ಪುಟ ಬರೆದೂ ಬಿಟ್ಟೆ. ಮೀಸೆಯ ವಯಸ್ಸು ಎಂಟುನೂರಲ್ಲ, ಬರೀ ಇಪ್ಪತ್ತೇಳು ಎಂದು ಗೊತ್ತಾದದ್ದು ಹೋದ ವರ್ಷ. ಅದನ್ನು ಕೆತ್ತಿದವನು ನನ್ನ ಗೆಳೆಯ, ಕಾರ್ಕಳದ ಶಿಲ್ಪಿ ಭೋಜ. ಅವನ ಬಗ್ಗೆ ಬರೆಯಲು ಕುಳಿತಿದ್ದೇನೆ. ಸಿಟ್ಟು ಪೂರ್ತಿ ಇಳಿದಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ನಾನು ಮೌರಿಸ್, ಉದ್ಯಾವರದವನು, ನಿವೃತ್ತ ಸಮಾಜ ವಿಜ್ಞಾನದ ಮಾಸ್ಟ್ರು. ನನಗೆ ಸಿಟ್ಟು ಬೇಗ. ಹಾಲು ಉಕ್ಕಲಿಕ್ಕಾದರೂ ಎರಡು ನಿಮಿಷ ಬೇಕು, ನಿಮಗೆ ಅದೂ ಬೇಡ ಎಂದು ಹೆಂಡತಿ ಅಪೊಲೋನಿಯಾ ಹೇಳುತ್ತಾಳೆ. ಭೋಜನ ಪರಿಚಯವಾದದ್ದೂ ಒಂದು ಜಗಳದಲ್ಲಿ. ಅಮ್ಮನ ಸಮಾಧಿಗೆ ಕರಿಕಲ್ಲಿನ ಶಿಲುಬೆ ಮಾಡಿಸಲು ಅವನ ಶೆಡ್ಡಿಗೆ ಹೋಗಿದ್ದೆ. ಹೇಳಿದ ದಿನಕ್ಕೆ ಆಗಿರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಅವನು ಉಳಿ ಕೆಳಗಿಟ್ಟು, "ಮಾಸ್ಟ್ರೇ, ಇದರಲ್ಲಿ ಒಂದು ಕೂದಲೆಳೆಯಷ್ಟು ಬಿರುಕು ಉಂಟು. ನಿಮಗೆ ಕಾಣುವುದಿಲ್ಲ. ನನಗೆ ಗೊತ್ತಿದ್ದೂ ನಿಮ್ಮ ತಾಯಿಯ ಮೇಲೆ ಇಡುವುದು ಹೇಗೆ?" ಎಂದ. ಬೇರೆ ಕಲ್ಲು ತರಿಸಿ ಮೊದಲಿಂದ ಶುರು ಮಾಡಿದ್ದನಂತೆ. ನಾನು ಅಲ್ಲೇ ತಣ್ಣಗಾದೆ. ಅಂದಿನಿಂದ ತಿಂಗಳಿಗೊಮ್ಮೆಯಾದರೂ ಉಡುಪಿಯಿಂದ ಕಾರ್ಕಳದ ಬಸ್ಸು ಹತ್ತಿ ಅವನ ಶೆಡ್ಡಿನಲ್ಲಿ ಕುಳಿತು ಬರುವುದು ಅಭ್ಯಾಸವಾಯಿತು.

ಭೋಜ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಹಳೆಯ ಕಲ್ಲನ್ನು ಅವನು ನೋಡುವ ರೀತಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮೊದಲು ಕಲ್ಲನ್ನು ತೊಳೆದು ಬೂದಿ ನೀರು ಹಚ್ಚುತ್ತಾನೆ. ಮೇಲಿನದು ಒರೆಸಿದಾಗ ತಗ್ಗಿನಲ್ಲಿ ಬೂದಿ ಉಳಿದು, ಸವೆದ ರೂಪವೂ ಕಣ್ಣಿಗೆ ಬೀಳುತ್ತದೆ. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಇಡೀ ಕಲ್ಲನ್ನು ಸವರುತ್ತಾನೆ. "ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ ಮಾಸ್ಟ್ರೇ, ಬೆರಳು ಇದ್ದದ್ದನ್ನು ಹೇಳುತ್ತದೆ" ಎನ್ನುತ್ತಾನೆ. ದೇವಸ್ಥಾನದವರು, ಬಸದಿಯವರು, ಇಗರ್ಜಿಯವರು ಕೈ ಮುರಿದ, ಮೂಗು ಹೋದ ವಿಗ್ರಹಗಳನ್ನು ಅವನಲ್ಲಿಗೇ ತರುತ್ತಿದ್ದರು. ಅವನ ಮನೆ ನಡೆಯುತ್ತಿದ್ದದ್ದು ಹೆಚ್ಚಾಗಿ ಈ ರಿಪೇರಿ ಕೆಲಸದಿಂದ. ಭೋಜನ ಕೈಗೆ ಕೊಟ್ಟರೆ ಕೆಡುವುದಿಲ್ಲ ಎಂಬ ನಂಬಿಕೆಯೇ ಅವನ ಬಂಡವಾಳ.

ನಾನು ಅವನಿಗೆ ಮೊಬೈಲಿನಲ್ಲಿ ಲೋಕದ ಪಾಳು ಊರುಗಳನ್ನೆಲ್ಲ ತೋರಿಸುತ್ತಿದ್ದೆ. ಬೂದಿಯಲ್ಲಿ ಹೂತುಹೋದ ಪೊಂಪೆ, ಕಾಡಿನೊಳಗಿನ ಅಂಗ್ಕೋರ್, ಮೊಹೆಂಜೊದಾರೊದ ಚರಂಡಿ. ಆ ಚರಂಡಿ ನೋಡಿ, "ನಮ್ಮ ಬಸ್‌ಸ್ಟ್ಯಾಂಡಿಗಿಂತ ಎಷ್ಟೋ ಚಂದ ಉಂಟು ಮಾರಾಯ್ರೇ" ಎಂದು ನಕ್ಕಿದ್ದ. ಈಜಿಪ್ಟಿನ ಸ್ಫಿಂಕ್ಸ್ ತೋರಿಸಿದ ದಿನ ಮಾತ್ರ ನಗಲಿಲ್ಲ.

"ಮೂಗು ಎಲ್ಲಿ ಹೋಯಿತು?"

"ಯಾವಾಗಲೋ ಒಡೆದುಹೋಗಿದೆ."

"ಹಾಗೇ ಬಿಟ್ಟಿದ್ದಾರಾ? ಅಲ್ಲಿ ಶಿಲ್ಪಿಗಳು ಇಲ್ಲವಾ?"

"ಇದ್ದಾರೆ ಮಾರಾಯ. ಆದರೆ ಇಲ್ಲದ್ದನ್ನು ಸೇರಿಸಬಾರದು. ಹೊಸ ಮೂಗು ಕೂರಿಸಿದರೆ ಅದು ಹಳೆಯ ಕಲ್ಲು ಹೇಳುವ ಮಾತಲ್ಲ, ಕೂರಿಸಿದವನ ಮಾತು."

ಭೋಜ ಮೊಬೈಲನ್ನು ನನಗೆ ವಾಪಸು ಕೊಟ್ಟು ಉಳಿ ಮಸೆಯಲು ಕುಳಿತ. ಚಹಾ ತಣಿಯಿತು. ನನಗೆ ಆಗ ಏನೂ ಹೊಳೆಯಲಿಲ್ಲ.

ಹೋದ ವರ್ಷ ಚೈತಾಲಿ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಮಣಿಪಾಲದಲ್ಲಿ ರೂಮು ಮಾಡಿಕೊಂಡು ಕರಾವಳಿಯ ವೀರಗಲ್ಲುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು. "ಸರ್, ನಿಮ್ಮ ಲೇಖನ ಓದಿ ಬಂದೆ" ಎಂದಳು. ಅಷ್ಟು ಸಾಕಿತ್ತು, ನಾನು ಉಬ್ಬಿಹೋದೆ. ಮೂರು ಪುಟವನ್ನು ಲೋಕದಲ್ಲಿ ಒಬ್ಬರಾದರೂ ಓದಿದರಲ್ಲ! ಮರುದಿನವೇ ಅವಳನ್ನು ಕರೆದುಕೊಂಡು ಬಜಗೋಳಿಯ ಆಚೆ, ಕಲ್ಲಿದ್ದ ದೈವಸ್ಥಾನಕ್ಕೆ ಹೊರಟೆ. ಕಲ್ಲಿನ ಜಾತಿ ಹೇಳಲು ಇರಲಿ ಎಂದು ಭೋಜನನ್ನೂ ಕಾರಿಗೆ ಹತ್ತಿಸಿದೆ. ಕೆಲಸ ಉಂಟು, ಕಾಲು ನೋವು ಎಂದೆಲ್ಲ ಹೇಳಿದ. ನಾನು ಬಿಡಲಿಲ್ಲ.

ಅದು ಎರಡು ಅಂತಸ್ತಿನ ಕಲ್ಲು. ಕೆಳಗೆ ಕತ್ತಿ, ಗುರಾಣಿ ಹಿಡಿದು ಹುಲಿಯ ಎದುರು ನಿಂತ ವೀರ. ಮೇಲೆ, ಸತ್ತ ವೀರನನ್ನು ಸ್ವರ್ಗಕ್ಕೆ ಕರೆದೊಯ್ಯಲು ಬಂದ ಮೂವರು ಅಪ್ಸರೆಯರು ಎಂದು ನಾನು ಮಕ್ಕಳಿಗೆ ಹೇಳಿಕೊಂಡು ಬಂದಿದ್ದೆ. ಚೈತಾಲಿ ಕಪ್ಪು ಕೊಡೆ ಬಿಡಿಸಿ ನೆರಳು ಮಾಡಿ, ಬದಿಯಿಂದ ಟಾರ್ಚು ಬಿಟ್ಟು ನೋಡಿದಳು. ಅಳತೆ ತೆಗೆದಳು. ಆಮೇಲೆ ಭೋಜನ ಕಡೆ ತಿರುಗಿ ಕೇಳಿದಳು:

"ಭೋಜಣ್ಣ, ಈ ಕಲ್ಲಿನ ಮೇಲೆ ಆಮೇಲೆ ಯಾರಾದರೂ ಕೆಲಸ ಮಾಡಿದ್ದಾರಾ? ಮುಖದ ಹತ್ತಿರ ಗೆರೆ ಸ್ವಲ್ಪ ಚೂಪಾಗಿ ಉಂಟಲ್ವಾ?"

"ಇಲ್ಲ" ಎಂದ ಭೋಜ.

ಅವಳು ಅದನ್ನು ಹಾಗೆಯೇ ಬರೆದುಕೊಂಡಳು. ಹತ್ತು ದಿನದಲ್ಲಿ ವಿಚಾರಸಂಕಿರಣ ಉಂಟು, ಪ್ರಬಂಧದಲ್ಲಿ ಈ ಕಲ್ಲೂ ಬರುತ್ತದೆ, ಆಮೇಲೆ ಪುಸ್ತಕವಾಗುತ್ತದೆ ಎಂದಳು.

ನಾಲ್ಕನೇ ದಿನ ಭೋಜನ ಹೆಂಡತಿ ಸುಗಂಧಿ ಫೋನ್ ಮಾಡಿದಳು. "ಮಾಸ್ಟ್ರೇ, ಇವರು ಸರಿ ಊಟ ಮಾಡುವುದಿಲ್ಲ. ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದರೂ ಬೇಡವಂತೆ. ಕೇಳಿದರೆ ಎಂತ ಇಲ್ಲ ಅನ್ನುತ್ತಾರೆ. ಒಮ್ಮೆ ಬಂದು ಹೋಗಿ."

ಹೋದೆ. ಶೆಡ್ಡಿನಲ್ಲಿ ಕಲ್ಲಿನ ಪುಡಿಯ ಮೇಲೆ ಸುಮ್ಮನೆ ಕುಳಿತಿದ್ದ. ನಾನು ಚಪ್ಪಲಿ ಬಿಡುವುದರೊಳಗೆ ಹೇಳಿಯೇ ಬಿಟ್ಟ.

"ಮಾಸ್ಟ್ರೇ, ಆ ಮೀಸೆ ನಾನು ಕೆತ್ತಿದ್ದು."

ತೊಂಬತ್ತೇಳರಲ್ಲಿ ಆ ದೈವಸ್ಥಾನದ ಜೀರ್ಣೋದ್ಧಾರ ಆಯಿತಂತೆ. ಅಲ್ಲಿಯವರೆಗೆ ಕಲ್ಲು ನೀರಿನ ತೋಡಿನ ಬದಿಯಲ್ಲಿ ಬಿದ್ದಿತ್ತು. ಹುಲ್ಲು ಕೊಯ್ಯಲು ಹೋಗುವವರು ತಲೆಮಾರುಗಳಿಂದ ಅದರ ಮೇಲೆಯೇ ಕತ್ತಿ ಮಸೆದು ಮಸೆದು ಮುಖ ನುಣ್ಣಗಾಗಿತ್ತು. ಆಗಿನ ಅಧ್ಯಕ್ಷರು ಭೋಜನನ್ನು ಕರೆಸಿ, ಮುಖವಿಲ್ಲದ ವೀರನನ್ನು ಊರವರ ಎದುರು ನಿಲ್ಲಿಸುವುದು ಹೇಗೆ, ಸ್ವಲ್ಪ ಸರಿ ಮಾಡಿ ಕೊಡು, ಮೀಸೆ ಒಳ್ಳೆ ದಪ್ಪ ಇರಲಿ ಎಂದರಂತೆ. ಆ ಊರಿನವರಿಗೆ ಅದು ಗೌರವದ ಕೆಲಸ. ಹರಿದ ಅಂಗಿಯಲ್ಲಿ ಅಜ್ಜನನ್ನು ಮದುವೆಗೆ ಕಳಿಸುತ್ತಾರಾ?

"ಬೂದಿ ಹಚ್ಚಿ ಬೆರಳಾಡಿಸಿದೆ ಮಾಸ್ಟ್ರೇ. ಕೈಯಲ್ಲಿ ಸಾಲು ಬಳೆ ಇತ್ತು. ಎದೆ ಹೆಂಗಸಿನದ್ದು. ಅದು ಗಂಡಸಲ್ಲವೇ ಅಲ್ಲ. ನನಗೆ ಆವಾಗಲೇ ಗೊತ್ತಾಯಿತು. ಆದರೆ ಹೆಂಗಸು ಹುಲಿಯ ಎದುರು ನಿಲ್ಲುವುದು ಉಂಟಾ, ಕಲ್ಲೇ ಸವೆದು ಹಾಗೆ ಕಾಣುವುದು ಅಂತ ನನಗೆ ನಾನೇ ಹೇಳಿಕೊಂಡೆ. ಬಳೆ ಉಜ್ಜಿ ಕಡಗ ಮಾಡಿದೆ. ಎದೆ ತಟ್ಟಿ ಮಟ್ಟ ಮಾಡಿದೆ. ಕೆನ್ನೆ ಕೊರೆದು ಮೀಸೆ ಎಬ್ಬಿಸಿದೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಇಷ್ಟು ವರ್ಷ ನನ್ನ ಬಾಯಲ್ಲಿ ಮೀಸೆ ಮೀಸೆ ಅಂತ ಕೇಳಿಯೂ ಸುಮ್ಮನೆ ಕೂತಿದ್ದೆಯಾ? ಸಾವಿರಾರು ಮಕ್ಕಳ ಎದುರು ನನ್ನನ್ನು ಮಂಗ ಮಾಡಿದೆಯಲ್ಲ ಮಾರಾಯ!" ಎಂದು ಕೂಗಾಡಿದೆ. ಸುಗಂಧಿ ಅಡುಗೆಮನೆಯಿಂದ ಓಡಿ ಬಂದಳು. ಆಮೇಲೆ ನಾನು ಆಡಿದ ಮಾತು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. "ಈಗ ಬಾಯಿ ಮುಚ್ಚಿಕೊಂಡಿರು. ಹೇಳಿದರೆ ನಾಳೆಯಿಂದ ಒಂದು ಹಳೆಯ ವಿಗ್ರಹ ನಿನ್ನ ಕೈಗೆ ಬರುವುದಿಲ್ಲ. ನನ್ನ ಮರ್ಯಾದೆಯೂ ಹೋಗುತ್ತದೆ. ಯಾರಿಗೂ ಗೊತ್ತಿಲ್ಲದ್ದನ್ನು ಕೆದಕುವುದು ಎಂತಕ್ಕೆ?"

ಭೋಜ ನನ್ನನ್ನು ನೋಡಿದ. ಕಣ್ಣಲ್ಲಿ ನೀರಿತ್ತು.

"ಸತ್ತದ್ದು ಅವಳು, ಮಾಸ್ಟ್ರೇ. ಹೆಸರಂತೂ ಇಲ್ಲ. ಹೆಣ್ಣು ಅಂತಾದರೂ ಉಳಿದಿತ್ತು. ಅದನ್ನೂ ನಾನು ತೆಗೆದೆ. ಆ ಹುಡುಗಿ ಪುಸ್ತಕದಲ್ಲಿ ಬರೆದ ಮೇಲೆ ಮುಗಿಯಿತಲ್ಲ? ಕೆಲಸ ಹೋದರೆ ಹೋಗಲಿ. ನನಗೆ ಊಟ ಸೇರುವುದಿಲ್ಲ."

ಮೂವತ್ತು ವರ್ಷ ಇತಿಹಾಸ ಹೇಳಿಕೊಟ್ಟ ನನಗೆ ಇದನ್ನು ಏಳನೇ ಕ್ಲಾಸಿನವನು ಹೇಳಬೇಕಾಯಿತು. ನನ್ನ ಬಗ್ಗೆಯೇ ನನಗೆ ಅಸಹ್ಯವಾಯಿತು. ಮೊಬೈಲು ತೆಗೆದು ಚೈತಾಲಿಗೆ ನಾನೇ ಫೋನ್ ಮಾಡಿದೆ.

ಮರುದಿನ ಮೂವರೂ ಮತ್ತೆ ಕಲ್ಲಿನ ಎದುರು ನಿಂತೆವು. ಭೋಜ ಒಂದೊಂದನ್ನೂ ತೋರಿಸಿದ: ಎಲ್ಲಿ ಕೊರೆದೆ, ಎಲ್ಲಿ ಉಜ್ಜಿದೆ, ಯಾವ ಉಳಿ ಹಿಡಿದೆ. ಚೈತಾಲಿಯ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ನಾನು ಕೇಳಿದಾಗ ಇಲ್ಲ ಅಂದಿರಲ್ಲ ಭೋಜಣ್ಣ?" ಎಂದಳು. "ಹೆದರಿದೆ ಮಗಾ" ಎಂದ ಅವನು. ಅವಳು ಸ್ವಲ್ಪ ಹೊತ್ತು ಆಚೆ ಹೋಗಿ ನಿಂತಳು. ತಿರುಗಿ ಬಂದು, "ನಿಮ್ಮ ಮಾತು ನಾನು ನಂಬುತ್ತೇನೆ. ಆದರೆ ವಿಚಾರಸಂಕಿರಣದಲ್ಲಿ ಸಾಕ್ಷಿ ಕೇಳುತ್ತಾರೆ, ಎಂತ ತೋರಿಸಲಿ?" ಎಂದಳು.

ಭೋಜ ಮೇಲಿನ ಅಂತಸ್ತಿಗೆ ಬೂದಿ ನೀರು ಹಚ್ಚಿದ. "ಕೆಳಗಿನದು ಮಾತ್ರ ಮಾಡು, ಸಮಯ ಇಲ್ಲ ಅಂದಿದ್ದರು. ಇದನ್ನು ನಾನು ಮುಟ್ಟಲಿಲ್ಲ. ನಡುವಿನವಳನ್ನು ನೋಡು."

ನೋಡಿದೆವು. ಎರಡು ಬದಿಯವರ ಕೈಯಲ್ಲಿ ಚಾಮರ. ನಡುವಿನವಳ ಕೈಯಲ್ಲಿ ಚಾಮರವಿಲ್ಲ, ಅವಳು ಕುಳಿತಿದ್ದಾಳೆ, ತಲೆಯ ಹಿಂದೆ ತುರುಬು, ತೊಡೆಯ ಮೇಲೆ ಅಡ್ಡಲಾಗಿ ಒಂದು ಕತ್ತಿ. ಅಪ್ಸರೆಯರು ಮೂವರಲ್ಲ, ಇಬ್ಬರೇ. ಇಬ್ಬರ ನಡುವೆ ಸ್ವರ್ಗಕ್ಕೆ ಹೋಗುತ್ತಿದ್ದವಳು ಅವಳೇ. ಹದಿನೆಂಟು ವರ್ಷ ನಾನು ಆ ಕತ್ತಿಯ ಕೆಳಗೇ ನಿಂತು ಕೋಲಾಡಿಸಿದ್ದೆ! ಚೈತಾಲಿ ಒಮ್ಮೆ ಕಿರುಚಿ, ಭೋಜನ ಬೂದಿ ಮೆತ್ತಿದ ಎರಡೂ ಕೈ ಹಿಡಿದುಕೊಂಡಳು.

ಊರಿಗೆ ಹೇಳುವ ಕೆಲಸ ಉಳಿದಿತ್ತು. ದೈವಸ್ಥಾನದ ಸಮಿತಿಯ ಈಗಿನ ಅಧ್ಯಕ್ಷ ಲಕ್ಷಿತ್, ಹಳೆಯ ಅಧ್ಯಕ್ಷರ ಮೊಮ್ಮಗ. ಮೊದಲು, "ಅಜ್ಜನ ಹೆಸರು ಎಂತಕ್ಕೆ ಎಳೆಯುತ್ತೀರಿ?" ಎಂದು ರೇಗಿದ. ಕಲ್ಲಿನ ಅಂಗಳದಲ್ಲಿ ಕರೆದ ಊರ ಸಭೆಯಲ್ಲಿ ಒಬ್ಬರು ಭೋಜನಿಗೆ ಕೊಟ್ಟಿದ್ದ ವಿಗ್ರಹವನ್ನು ವಾಪಸು ಒಯ್ಯುತ್ತೇನೆ ಎಂದು ಅಲ್ಲೇ ಹೇಳಿದರು. ಭೋಜ ತಲೆ ತಗ್ಗಿಸಿ, "ಆಗಲಿ" ಎಂದ. ಆದರೆ ಹಿಂದಿನ ಸಾಲಿನಲ್ಲಿದ್ದ ಹೆಂಗಸರು ಎದ್ದು ಕಲ್ಲಿನ ಹತ್ತಿರ ಹೋಗಿ, ಆ ತುರುಬನ್ನು ನೋಡಲು ಒಬ್ಬರನ್ನೊಬ್ಬರು ನೂಕಾಡುತ್ತಿದ್ದರು. "ನಮ್ಮ ಊರಿನ ಹುಡುಗಿಯಾ? ಹುಲಿಗೇ ಹೆದರಲಿಲ್ಲವಾ?" ಎಂದು ಒಬ್ಬಳು ಕೇಳಿದಳು. ಲಕ್ಷಿತನ ಸ್ವರ ಬದಲಾಯಿತು. ಹೊರಡುವಾಗ ಭೋಜನ ಹೆಗಲ ಮೇಲೆ ಕೈಯಿಟ್ಟು, "ಹಾಗಾದರೆ ಆ ಮೀಸೆ ತೆಗೆದುಬಿಡಿ ಭೋಜಣ್ಣ. ಅರ್ಧ ದಿನದ ಕೆಲಸ ಅಲ್ವಾ?" ಎಂದ.

ಚೈತಾಲಿ ಬಾಯಿ ತೆರೆಯುವ ಮೊದಲೇ ಭೋಜ ಹೇಳಿದ: "ಇಲ್ಲ. ಆ ಕಲ್ಲಿಗೆ ಇನ್ನು ಉಳಿ ತಾಗುವುದು ಬೇಡ. ತಪ್ಪು ಅಲ್ಲೇ ಇರಲಿ, ಜನ ನೋಡಲಿ. ಬದಿಯಲ್ಲಿ ನಾನು ಬೇರೆ ಕಲ್ಲು ಇಡುತ್ತೇನೆ."

ಅದಕ್ಕೆ ಬರಹ ಮಾಡಿಕೊಡಿ ಎಂದು ನನ್ನನ್ನು ಕೇಳಿದ. ನಾನು ಮೂರು ದಿನ ಕುಳಿತು, ರಾಜವಂಶ, ಕರಾವಳಿಯ ಪರಂಪರೆ ಎಲ್ಲ ಸೇರಿಸಿ ಹನ್ನೆರಡು ಸಾಲು ಬರೆದೆ. ಭೋಜ ಓದಿ, "ಮಾಸ್ಟ್ರೇ, ಇದನ್ನು ಕೆತ್ತಿ ಮುಗಿಸುವುದರೊಳಗೆ ನನಗೇ ಒಂದು ಸಮಾಧಿ ಕಲ್ಲು ಬೇಕಾಗುತ್ತದೆ" ಎಂದ. ಸುಗಂಧಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅಂದು ಅವನು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ವಿಗ್ರಹ ವಾಪಸು ಒಯ್ದವರು ಮತ್ತೆ ಬರಲಿಲ್ಲ. ಬೇರೆ ಒಂದು ಬಸದಿಯವರು ಬಂದಿದ್ದಾರೆ, ಈ ಸಂಗತಿ ಕೇಳಿಯೇ ಬಂದದ್ದಂತೆ.

ಕಲ್ಲು ನಿಲ್ಲಿಸುವ ದಿನ ಅಪೊಲೋನಿಯಾಳನ್ನೂ ಕರೆದುಕೊಂಡು ಹೋದೆ. ಮೊಣಕಾಲೆತ್ತರದ ಸಣ್ಣ ಕರಿಕಲ್ಲು. ನನ್ನ ಹನ್ನೆರಡು ಸಾಲಿನಲ್ಲಿ ಒಂದೂ ಇರಲಿಲ್ಲ. ಅವನದೇ ಎರಡು ಸಾಲು ಇತ್ತು:

ಈ ಕಲ್ಲಿನಲ್ಲಿ ಇರುವುದು ಹೆಣ್ಣು.
ಮೀಸೆ ಕೆತ್ತಿದ್ದು ಕಾರ್ಕಳದ ಭೋಜ, ೧೯೯೭.

ದೇವರ ವಿಗ್ರಹದ ಮೇಲೆ ಅವನು ತನ್ನ ಹೆಸರು ಹಾಕಿದವನಲ್ಲ, ಸಮಾಧಿಯ ಕಲ್ಲಿನಲ್ಲಂತೂ ಹಾಕುವ ಪ್ರಶ್ನೆಯೇ ಇಲ್ಲ. ಐವತ್ತು ವರ್ಷ ಕಲ್ಲು ಕೆತ್ತಿದ ಭೋಜನ ಹೆಸರು ಕಲ್ಲಿನ ಮೇಲೆ ಇರುವುದು ಇದೊಂದೇ ಕಡೆ.