ಹುಣಸೆಹಣ್ಣಿಗೆ ಕರಗಿದ ರೇಷ್ಮೆ

ಸರಸ್ವತಿಯವರು ಸಿಡ್ನಿಯ ಒಂದು ವಸ್ತುಸಂಗ್ರಹಾಲಯದಲ್ಲಿ ಹಳೆಯ ಲೋಹದ ವಸ್ತುಗಳನ್ನು ಕಾಪಾಡುವ ಕೆಲಸವನ್ನು ಮೂವತ್ತೊಂದು ವರ್ಷ ಮಾಡಿದವರು. ಯಾರಾದರೂ ಮೂವತ್ತು ಎಂದರೆ ಅಲ್ಲೇ ತಿದ್ದುತ್ತಾರೆ. ನಿವೃತ್ತರಾಗಿ ಮೆಲ್ಬರ್ನಿನ ಕ್ರೇಗಿಬರ್ನಿಗೆ ಬಂದ ಮೇಲೂ ಅವರ ಕೈಚೀಲದಲ್ಲಿ ಭೂತಗನ್ನಡಿ, ಒಂದು ಜೊತೆ ರಬ್ಬರ್ ಕೈಗವಸು ಇದ್ದೇ ಇರುತ್ತವೆ. ಅಂಥವರ ಕಣ್ಣೆದುರು ಆ ಶನಿವಾರ, ಮೆಲ್ಬರ್ನಿನದೇ ಟ್ರುಗನಿನಾ ಬಡಾವಣೆಯ ಒಂದು ಅಡುಗೆಮನೆಯಲ್ಲಿ, ಮೂರು ಸಾವಿರ ವರ್ಷ ದಾಟಿದ ಕಂಚಿನ ಪಾತ್ರೆಯೊಂದು ಅಲ್ಲಲ್ಲಿ ಕೆಂಪಗೆ, ಅಲ್ಲಲ್ಲಿ ಥಳಥಳ ಹೊಳೆಯುತ್ತ ನಿಂತಿತ್ತು.

ಪಾತ್ರೆ ಚೀನಾದ ಶಾಂಗ್ ಅರಸರ ಕಾಲದ್ದು. ಮೂರು ಕಾಲು, ಉದ್ದ ಮೂತಿ. ಗತಿಸಿದ ಹಿರಿಯರಿಗೆ ಮದ್ಯ ಅರ್ಪಿಸಲು ಎರಕ ಹೊಯ್ದದ್ದು, ಕೊನೆಗೆ ಸತ್ತವರ ಜೊತೆಗೇ ಹೂತದ್ದು. ಆ ಮನೆಯ ಗೋಪೀನಾಥ ಅದನ್ನು ಹರಾಜಿನಲ್ಲಿ ಕಾಗದಪತ್ರ ಸಮೇತ ಕೊಂಡು, ಈಗ ಸಿಡ್ನಿಯ ಅದೇ ಸಂಗ್ರಹಾಲಯಕ್ಕೆ ದಾನ ಕೊಡುವವನಿದ್ದ. ಅದಕ್ಕೆ ಮುಂಚೆ ಪಾತ್ರೆಯನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸ ಸರಸ್ವತಿಯವರದಾಗಿತ್ತು. ಮೂರು ವಾರದ ಹಿಂದೆ ಅವನು ಕಳಿಸಿದ ಫೋಟೊವನ್ನು ಅವರು ಭೂತಗನ್ನಡಿ ಹಿಡಿದು ಮತ್ತೆ ಮತ್ತೆ ನೋಡಿದ್ದರು. ಹೊಟ್ಟೆಯ ಎಡಪಕ್ಕದ ಹಸಿರು ಕಿಲುಬಿನಲ್ಲಿ ಬಟ್ಟೆಯ ಹಾಸುಹೊಕ್ಕು ಅಚ್ಚೊತ್ತಿತ್ತು. ಹೂಳುವಾಗ ಯಾರೋ ಅದನ್ನು ರೇಷ್ಮೆಯಲ್ಲಿ ಸುತ್ತಿದ್ದರು. ರೇಷ್ಮೆ ಮಣ್ಣಾಗಿತ್ತು, ನೇಯ್ಗೆಯ ಗುರುತು ಉಳಿದಿತ್ತು. “ಮುಟ್ಟಬೇಡಿ, ಒರೆಸಲೂ ಬೇಡಿ, ನಾನು ಬಂದು ಎಳೆ ಎಣಿಸಬೇಕು” ಎಂದು ಎರಡು ಸಲ ಫೋನ್ ಮಾಡಿ ಹೇಳಿದ್ದರು.

ಈಗ ಆ ಜಾಗದಲ್ಲಿ ತಿಕ್ಕಿದ ಗೀರುಗಳಷ್ಟೇ ಇದ್ದವು.

“ಯಾರು ಮಾಡಿದ್ದು?”

ಗೋಪೀನಾಥನ ತಾಯಿ ಲಕ್ಷ್ಮಮ್ಮ ಹೆಮ್ಮೆಯಿಂದಲೇ ಮುಂದೆ ಬಂದರು. “ನಾನೇ ಕಣಮ್ಮ. ರಾತ್ರಿಯೆಲ್ಲ ಹುಣಸೆಹಣ್ಣಲ್ಲಿ ನೆನೆಸಿ, ಉಪ್ಪು ಹಾಕಿ ಸ್ಕ್ರಬ್ಬರ್‌ನಲ್ಲಿ ತಿಕ್ಕಿದೆ. ಪಿತೃಗಳ ಕಾರ್ಯದ ಪಾತ್ರೆ ಅಂತ ಇವನೇ ಹೇಳ್ದ. ಕಿಲುಬು ಹಿಡಿದದ್ದನ್ನ ಹಿರಿಯರ ಮುಂದೆ ಇಡೋಕಾಗತ್ತಾ?”

“ಅದರಲ್ಲಿ ಇಡ್ತಿದ್ದದ್ದು ಹೆಂಡ, ಲಕ್ಷ್ಮಮ್ಮನವರೇ.”

“ಅಯ್ಯೋ ಶಿವನೇ! ದೇವರ ಪಾತ್ರೆಗಳ ಜೊತೆಗೇ ಬೋರಲು ಹಾಕಿದ್ದೆನಲ್ಲೋ ಗೋಪಿ!”

ಆಕೆಯ ಮೇಲೆ ಸರಸ್ವತಿಯವರಿಗೆ ಸಿಟ್ಟು ಬರಲಿಲ್ಲ. ಮೈಸೂರಿನ ಮನೆಯಲ್ಲಿ ಅವರೂ ಪೂಜೆಯ ಪಾತ್ರೆಗಳನ್ನು ಹಾಗೆಯೇ ಬೆಳಗಿ ಬೆಳೆದವರು. ಸಿಟ್ಟು ನೆತ್ತಿಗೇರಿದ್ದು ಗೋಪೀನಾಥನ ಮೇಲೆ.

“ಮುಟ್ಟಬಾರದು ಅಂತ ಅಮ್ಮನಿಗೆ ಹೇಳಿದ್ರಾ?”

“ವರ್ಕ್‌ನಲ್ಲಿ ಫುಲ್ ಬ್ಯುಸಿ ಆಂಟಿ, ಮರ್ತೋಯ್ತು. ಬಟ್ ಫೋಟೊ ಇದೆಯಲ್ಲ? ರಿಪೋರ್ಟ್‌ನಲ್ಲಿ ಸಿಲ್ಕ್ ಮಾರ್ಕ್ಸ್ ಇದೆ ಅಂತಾನೇ ಬರೆದುಬಿಡಿ. ಆಮೇಲೆ ಟ್ರಾನ್ಸ್‌ಪೋರ್ಟ್‌ನಲ್ಲಿ ಹೋಯ್ತು ಅಂದ್ರಾಯ್ತು. ಡೋನರ್ ಅಂತ ನನ್ನ ಹೆಸರಿನ ಫಲಕಕ್ಕೆ ಮ್ಯೂಸಿಯಂನವ್ರು ಆಗ್ಲೇ ಓಕೆ ಅಂದಿದಾರೆ.”

“ಸಾಗಿಸೋರ ತಲೆಗೆ ಕಟ್ಟಬೇಕಾ?” ಎಂದ ಸರಸ್ವತಿಯವರ ದನಿಗೆ ಒಲೆಯ ಮೇಲಿನ ಕುಕ್ಕರಿನ ಸಿಳ್ಳೆಯೇ ಸಣ್ಣದಾಯಿತು. “ಮೂರು ಸಾವಿರ ವರ್ಷ ಮಣ್ಣು ಕಾಪಾಡಿತ್ತು ಕಣ್ರೀ. ನಿಮ್ಮ ಕೈಲಿ ಮೂರು ವಾರ ಆಗ್ಲಿಲ್ಲ!”

“ಬರೀ ‘ಕ್ಲೀನ್ ಮಾಡಲಾಗಿದೆ’ ಅಂತಾದ್ರೂ…”

ಸರಸ್ವತಿಯವರು ಕೈಗವಸು ತೊಟ್ಟು, ಕಿಟಕಿಯ ಬೆಳಕಿಗೆ ಪಾತ್ರೆ ಹಿಡಿದು, ಭೂತಗನ್ನಡಿಯಲ್ಲಿ ಇಂಚಿಂಚೂ ಹುಡುಕಿದರು. ಒಂದು ಎಳೆಯೂ ಸಿಗಲಿಲ್ಲ. ಅಲ್ಲೇ ಊಟದ ಮೇಜಿನ ಮೇಲೆ ಬರೆದರು:

“ರೇಷ್ಮೆಯ ಅಚ್ಚು ಫೋಟೊದಲ್ಲಿದೆ, ಪಾತ್ರೆಯ ಮೇಲಿಲ್ಲ. ಎಳೆಗಳನ್ನು ಎಣಿಸಿಲ್ಲ, ಇನ್ನು ಎಣಿಸಲಾಗದು. ಕಾರಣ: ಹುಣಸೆಹಣ್ಣು, ಉಪ್ಪು, ಸ್ಟೀಲ್ ಸ್ಕ್ರಬ್ಬರ್. ಮುಟ್ಟಬಾರದೆಂದು ಮಾಲೀಕರಿಗೆ ಎರಡು ಸಲ ತಿಳಿಸಲಾಗಿತ್ತು. ಅವರು ಮನೆಯವರಿಗೆ ತಿಳಿಸಲಿಲ್ಲ.”

ಲಕ್ಷ್ಮಮ್ಮನ ಹೆಸರು ಬರೆಯಲಿಲ್ಲ. ಮಾಲೀಕರು ಎಂಬುದರ ಎದುರು ಗೋಪೀನಾಥನ ಹೆಸರನ್ನು ಮಾತ್ರ, ಫಲಕದಲ್ಲಿ ಅವನು ಬಯಸಿದ್ದಂತೆಯೇ, ಇನಿಷಿಯಲ್ ಸಮೇತ ಪೂರ್ತಿ ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. ಹಾಳೆಯನ್ನು ಅವನ ಕೈಗೆ ಕೊಡದೆ, ಫೋನಿನಲ್ಲಿ ಚಿತ್ರ ತೆಗೆದು, ಅವನು ನೋಡುತ್ತಿದ್ದಂತೆಯೇ ಸಿಡ್ನಿಯ ಸಂಗ್ರಹಾಲಯಕ್ಕೆ ಕಳಿಸಿದರು.